ಪಿಎಚ್.ಡಿ. ಫೆಲೋಶಿಪ್‌ಗೆ ಅರ್ಜಿ ಬರೆಯಲು ಯಾರು ಕಲಿಸುತ್ತಾರೆ?

ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ಸಿಗುವ ಜೂನಿಯರ್ ರಿಸರ್ಚ್ ಫೆಲೋಶಿಪ್‌ನ (ಜೆಆರ್‌ಎಫ್) ಫಲಿತಾಂಶ ಬಂದ ದಿನ ಇಲ್ಲೆಲ್ಲ ಅಭಿನಂದನೆಗಳ ಸುರಿಮಳೆ. ಆ ಸಂಭ್ರಮದಲ್ಲಿ ನಾನೂ ಪಾಲುಗೊಳ್ಳುತ್ತೇನೆ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿಕೊಂಡು ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಅಥವಾ ರಂಗಕಲೆಯಲ್ಲಿ ಸಂಶೋಧನೆ ಮಾಡಬೇಕೆನ್ನುವವರಿಗೆ ಅದಕ್ಕಿಂತ ದೊಡ್ಡ ಆಸರೆ ನಮ್ಮಲ್ಲಿಲ್ಲ. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದಿನ ಮೂರು ವರ್ಷ 42,000, ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಆದರೆ ಈ ಒಂದು ಪರೀಕ್ಷೆಯನ್ನೇ ನೆಚ್ಚಿಕೊಂಡು ಕುಳಿತ ನಮ್ಮ ಸ್ನಾತಕೋತ್ತರ ವಿಭಾಗಗಳು ಒಂದು ಮುಖ್ಯ ವಿದ್ಯೆಯನ್ನು ವಿದ್ಯಾರ್ಥಿಗಳಿಗೆ ಕಲಿಸದೆ ಬಿಟ್ಟಿವೆ ಎಂಬುದು ನನ್ನ ಬಹಳ ದಿನಗಳ ತಕರಾರು. ತಾನು ಏನನ್ನು ಹುಡುಕಹೊರಟಿದ್ದೇನೆ, ಅದನ್ನು ಈಗಲೇ ಏಕೆ ಹುಡುಕಬೇಕು, ಅದಕ್ಕೆ ಬೇಕಾದ ಆಕರಗಳು ಎಲ್ಲಿವೆ ಎಂಬುದನ್ನು ಎರಡು ಪುಟಗಳಲ್ಲಿ ಅಪರಿಚಿತರಿಗೆ ಮನದಟ್ಟು ಮಾಡಿಸುವ ವಿದ್ಯೆ ಅದು.

ನೆಟ್ ಪರೀಕ್ಷೆ ಮೂರು ಗಂಟೆಯದು. ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ; ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳು. ಕನ್ನಡ ಎಂ.ಎ. ಮಾಡಿದವರೂ ಮೊದಲ ಪತ್ರಿಕೆಯನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆಯಬೇಕು. ಕನ್ನಡ ಮಾಧ್ಯಮದಲ್ಲಿ ಇತಿಹಾಸ ಓದಿ ಬಂದವರಿಗಂತೂ ಎರಡನೆಯ ಪತ್ರಿಕೆಯೂ ಹಾಗೆಯೇ. ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಅನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಅದು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಕೊಡುತ್ತದೆಯೇ ಹೊರತು ಸಂಶೋಧನೆಗೆ ಬಿಡಿಗಾಸು ಕೊಡುವುದಿಲ್ಲ. 2024ರ ಜೂನ್‌ನಿಂದ ಪಿಎಚ್.ಡಿ. ಪ್ರವೇಶಕ್ಕೂ ನೆಟ್ ಅಂಕಗಳನ್ನೇ ಬಳಸುವ ವ್ಯವಸ್ಥೆ ಬಂದಿದ್ದು, ಜೆಆರ್‌ಎಫ್ ಸಿಗದವರ ಆಯ್ಕೆಯಲ್ಲಿ ಶೇ. 70ರಷ್ಟು ತೂಕ ಆ ಅಂಕಗಳಿಗೆ, ಉಳಿದ 30 ಸಂದರ್ಶನಕ್ಕೆ. ಅಂದರೆ ಹಣ ಸಿಗುವವರೆಗೂ, ಎಷ್ಟೋ ಸಲ ಸೀಟು ಸಿಗುವವರೆಗೂ, ವಿದ್ಯಾರ್ಥಿ ತನ್ನ ಸಂಶೋಧನೆಯ ಬಗ್ಗೆ ಒಂದು ವಾಕ್ಯವನ್ನೂ ಕಷ್ಟಪಟ್ಟು ಬರೆಯಬೇಕಾದ ಸಂದರ್ಭವೇ ಬರುವುದಿಲ್ಲ. ಸಂದರ್ಶನದ ಹಿಂದಿನ ರಾತ್ರಿ ಹಿರಿಯ ಸಂಶೋಧನಾರ್ಥಿಯೊಬ್ಬರಿಂದ ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಪಡೆದು, ಶೀರ್ಷಿಕೆ ಬದಲಿಸಿ, ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡ್ ಮಾಡಿಸಿದರೆ ಮುಗಿಯಿತು.

ಈ ಕೊರತೆ ಬಯಲಾಗುವುದು ಬೇರೆ ಬಾಗಿಲು ತಟ್ಟಿದಾಗ. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತಿನ ಡಾಕ್ಟರಲ್ ಫೆಲೋಶಿಪ್‌ಗೆ ಸಂಶೋಧನೆಯ ಯೋಜನೆ ವಿವರಿಸುವ ಪ್ರಸ್ತಾವನೆ ಬೇಕು. ಇಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡು ಕೆಲವು ತಿಂಗಳು ಅಮೆರಿಕದಲ್ಲಿ ಕೆಲಸ ಮಾಡಲು ಸಿಗುವ ಫುಲ್‌ಬ್ರೈಟ್-ನೆಹರು ಫೆಲೋಶಿಪ್‌ಗೂ ಬೇಕು. ಬ್ರಿಟನ್ನಿನ ಕಲೆ ಮತ್ತು ಮಾನವಿಕ ಸಂಶೋಧನಾ ಮಂಡಳಿಯ ಹಣ 2021ರಿಂದ ಹೊರದೇಶದವರಿಗೂ ತೆರೆದಿದೆ. ಅದಕ್ಕೆ ವಿದ್ಯಾರ್ಥಿ ನೇರವಾಗಿ ಅರ್ಜಿ ಹಾಕುವಂತಿಲ್ಲ, ವಿಶ್ವವಿದ್ಯಾಲಯದ ಮೂಲಕವೇ ಹೋಗಬೇಕು. ಅಲ್ಲಿನ ಗಡುವುಗಳು ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ ಮುಗಿಯುತ್ತವೆ, ತರಗತಿ ಶುರುವಾಗುವುದು ಮುಂದಿನ ಶರತ್ಕಾಲದಲ್ಲಿ. ನಮ್ಮ ಹುಡುಗರು ಏಪ್ರಿಲ್‌ನಲ್ಲಿ ಬಂದು, 'ಸರ್, ಈ ವರ್ಷ ಲಂಡನ್‌ಗೆ ಹಾಕೋಣ ಅಂದುಕೊಂಡಿದ್ದೇನೆ' ಎನ್ನುತ್ತಾರೆ. ಅವರ ತಪ್ಪಲ್ಲ, ಯಾರೂ ಹೇಳಿರುವುದಿಲ್ಲ.

ನನ್ನ ಬಳಿ ತಿದ್ದಲು ಬರುವ ಕರಡುಗಳ ಸಾಮಾನ್ಯ ರೂಪ ಹೀಗಿರುತ್ತದೆ. ಶೀರ್ಷಿಕೆ 'ಕನ್ನಡ ವೃತ್ತಿ ರಂಗಭೂಮಿ: ಒಂದು ಸಮಗ್ರ ಅಧ್ಯಯನ'. ಮೊದಲ ಪುಟದಲ್ಲಿ ಭಾರತೀಯ ರಂಗಭೂಮಿಯ ಭವ್ಯ ಪರಂಪರೆ. ಎರಡನೆಯದರಲ್ಲಿ ಪೂರ್ವ ಅಧ್ಯಯನಗಳ ಸಮೀಕ್ಷೆ ಎಂಬ ಹೆಸರಿನಲ್ಲಿ ಪುಸ್ತಕಗಳ ಪಟ್ಟಿ, ಪ್ರತಿಯೊಂದರ ಮುಂದೆ 'ಮೌಲಿಕ ಕೃತಿ' ಎಂಬ ಷರಾ. ಸಂಶೋಧನಾ ವಿಧಾನ: ವಿಶ್ಲೇಷಣಾತ್ಮಕ, ವಿವರಣಾತ್ಮಕ, ತೌಲನಿಕ. ಕೊನೆಗೆ ಅಧ್ಯಾಯ ವಿಂಗಡಣೆ. ಇದರಲ್ಲಿ ಸುಳ್ಳೇನಿಲ್ಲ, ಆದರೆ ಪ್ರಶ್ನೆಯೂ ಇಲ್ಲ. ಸಮಿತಿಯಲ್ಲಿ ಕೂತವರು ಇದನ್ನು ಅರ್ಧ ನಿಮಿಷದಲ್ಲಿ ಪಕ್ಕಕ್ಕಿಡುತ್ತಾರೆ.

ಇಂಥದ್ದೇ ಕರಡು ತಂದ ವಿದ್ಯಾರ್ಥಿನಿಯೊಬ್ಬರನ್ನು, 'ಈ ಕಂಪನಿ ನಾಟಕಗಳ ವಿಚಾರದಲ್ಲಿ ನಿಮಗೆ ನಿಜವಾಗಿ ತಿಳಿಯಬೇಕಾದ್ದು ಏನಮ್ಮಾ?' ಎಂದು ಕೇಳಿದೆ. ಸ್ವಲ್ಪ ಹಿಂಜರಿದು, 'ಸರ್, ನಮ್ಮಜ್ಜಿ ಕಂಪನಿಯಲ್ಲಿ ಪಾರ್ಟು ಮಾಡುತ್ತಿದ್ದರು. ವರ್ಷದ ಕರಾರು ಅಂತ ಇತ್ತಂತೆ, ನಡುವೆ ಬಿಟ್ಟು ಹೋದರೆ ತಗೊಂಡ ಮುಂಗಡ ವಾಪಸ್ ಕೊಡಬೇಕಿತ್ತಂತೆ. ಅದನ್ನು ಯಾರಾದರೂ ಬರೆದಿದ್ದಾರಾ ಅಂತ ಹುಡುಕಿದೆ, ಸಿಗಲಿಲ್ಲ' ಎಂದರು. ಪ್ರಸ್ತಾವನೆ ಅಲ್ಲೇ ಇತ್ತು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ಬಂದ ಮೇಲೆ ಬೆಂಗಳೂರಿನಲ್ಲಿ ಕ್ಯಾಂಪ್ ಹೂಡುತ್ತಿದ್ದ ಕಂಪನಿಗಳು ನಟಿಯರನ್ನು ಯಾವ ಕರಾರಿನ ಮೇಲೆ ಉಳಿಸಿಕೊಂಡವು ಎಂಬ ಪ್ರಶ್ನೆ ಕಟ್ಟಿಕೊಂಡೆವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ದೊಡ್ಡ ಮಂಡಳಿ ಒಂದೆಡೆ, ಹೆಸರೇ ಉಳಿಯದ ಸಣ್ಣ ಮಂಡಳಿಗಳು ಇನ್ನೊಂದೆಡೆ. ಆಕರಗಳಿಗೆ ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಕಡತಗಳನ್ನು ಹುಡುಕುವುದು, 1927ರಲ್ಲಿ ಆರಂಭವಾದ 'ತಾಯಿನಾಡು' ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ನಾಟಕದ ಜಾಹೀರಾತು ನೋಡುವುದು, ಕಲಾವಿದೆಯರ ಮನೆಗಳಲ್ಲಿ ಉಳಿದಿರಬಹುದಾದ ಹ್ಯಾಂಡ್‌ಬಿಲ್, ಚೀಟಿ, ಫೋಟೋಗಳನ್ನು ಕೇಳಿ ಪಡೆಯುವುದು ಎಂದು ಬರೆದರು. ಕಡತ ಸಿಗದಿದ್ದರೆ ಏನು ಮಾಡುತ್ತೀರಿ ಎಂಬುದಕ್ಕೂ ಎರಡು ಸಾಲು ಸೇರಿಸಿದರು. ಆ ಎರಡು ಸಾಲು ಬಹಳ ಮುಖ್ಯ. ಆಕರ ಕೈಕೊಟ್ಟಾಗ ದಾರಿ ಬದಲಿಸಬಲ್ಲವರು ಎಂಬ ಭರವಸೆ ಹುಟ್ಟುವುದು ಅಲ್ಲಿಯೇ. ವಿಜ್ಞಾನದ ಅರ್ಜಿಗಳಿಂದ ಎರವಲು ತಂದ 'ಪ್ರಾಕ್ಕಲ್ಪನೆ' ಎಂಬ ಕಲಮಿನಲ್ಲಿ ಉತ್ತರವನ್ನು ಮೊದಲೇ ಘೋಷಿಸಿಬಿಡುವ ನಮ್ಮ ಅಭ್ಯಾಸಕ್ಕಿಂತ ಅದು ಹೆಚ್ಚು ಪ್ರಾಮಾಣಿಕವೂ ಹೌದು.

ಶಿಫಾರಸು ಪತ್ರದ ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. 'ನೀವೇ ಬರ್ಕೊಂಡು ಬನ್ನಿ, ಸಹಿ ಹಾಕ್ತೀನಿ' ಎನ್ನುವ ಅಧ್ಯಾಪಕರು ವಿದ್ಯಾರ್ಥಿಗೆ ಉಪಕಾರ ಮಾಡುತ್ತಿಲ್ಲ. ವಿದ್ಯಾರ್ಥಿಯ ಯಾವ ಬರಹವನ್ನು ಓದಿದ್ದೀರಿ, ಅದರಲ್ಲಿ ಏನು ಕಂಡಿರಿ ಎಂಬ ಒಂದು ನಿರ್ದಿಷ್ಟ ಮಾತು ಹತ್ತು ವಿಶೇಷಣಗಳಿಗಿಂತ ಹೆಚ್ಚು ತೂಗುತ್ತದೆ.

ಒಳ್ಳೆಯ ಪ್ರಸ್ತಾವನೆ ಬರೆದವರಿಗೆಲ್ಲ ಹಣ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಬಾಗಿಲುಗಳನ್ನೇ ಮುಚ್ಚಿದ ಉದಾಹರಣೆಗಳು ಕಣ್ಣ ಮುಂದಿವೆ. ಅಲ್ಪಸಂಖ್ಯಾತ ಸಮುದಾಯಗಳಿಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ 2022ರಲ್ಲಿ ನಿಂತಿತು. ಅದೇ ವರ್ಷ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವು ಪರಿಶಿಷ್ಟ ಜಾತಿ ಮೊದಲಾದ ವರ್ಗಗಳ 125 ಮಂದಿಗೆ ವಿದೇಶ ವ್ಯಾಸಂಗಕ್ಕಾಗಿ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮ ತಿದ್ದಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಸಮಾಜ ಕುರಿತ ವಿಷಯಗಳನ್ನು ಹೊರಗಿಟ್ಟಿತು. ಜಾತಿಯ ಬಗ್ಗೆ ಸಂಶೋಧನೆ ಮಾಡಲು ಹೆಚ್ಚು ಕಾರಣ ಯಾರಿಗಿದೆಯೋ ಅವರಿಗೇ ಆ ವಿಷಯಕ್ಕೆ ಹಣವಿಲ್ಲ ಎನ್ನುವ ಈ ತಿದ್ದುಪಡಿಯನ್ನು ಎಷ್ಟು ಸಲ ಓದಿದರೂ ನನಗೆ ಸಮಾಧಾನವಾಗುವುದಿಲ್ಲ.

ಹಣ ಸಿಕ್ಕವರ ಪಾಡೂ ಒಂದೇ ತೆರನಾಗಿಲ್ಲ. ಸಮಾಜ ವಿಜ್ಞಾನ ಪರಿಷತ್ತಿನ ಫೆಲೋಶಿಪ್ ತಿಂಗಳಿಗೆ 20,000 ರೂಪಾಯಿ. ನಾಗರಬಾವಿಯಲ್ಲೋ ಕೆಂಗೇರಿಯಲ್ಲೋ ಪಿಜಿಯ ಬಾಡಿಗೆ, ಊಟ, ಬಸ್ಸು, ಮೆಟ್ರೋ ಕಳೆದು ಮನೆಗೆ ಒಂದಿಷ್ಟು ಕಳಿಸಿದರೆ, ಕ್ಷೇತ್ರಕಾರ್ಯಕ್ಕೆ ಗದಗಕ್ಕೋ ಹುಬ್ಬಳ್ಳಿಗೋ ಹೋಗಿಬರುವ ದುಡ್ಡು ಉಳಿಯುವುದಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಆಗದವರಿಗೂ 8,000 ರೂಪಾಯಿ ಬರುತ್ತದೆ. 2015ರಲ್ಲಿ ಅದನ್ನೂ ನಿಲ್ಲಿಸಹೊರಟಾಗ ದೆಹಲಿಯಲ್ಲಿ ವಿದ್ಯಾರ್ಥಿಗಳು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕಚೇರಿಯ ಮುಂದೆ ಧರಣಿ ಕೂತಿದ್ದರು. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳ ಸಂಶೋಧನಾರ್ಥಿಗಳಿಗೆ ಆ ಯೋಜನೆ ಅನ್ವಯವಾಗುವುದಿಲ್ಲ. ಹಾಗಾಗಿ ಇಲ್ಲಿ ಜೆಆರ್‌ಎಫ್ ತಪ್ಪಿದವರು ಅತಿಥಿ ಉಪನ್ಯಾಸಕರಾಗಿ ಪಾಠ ಮಾಡುತ್ತ, ಸಂಜೆ ಗ್ರಂಥಾಲಯ ಮುಚ್ಚುವ ಹೊತ್ತಿಗೆ ಬಂದು ಸೇರುತ್ತ, ಪಿಎಚ್.ಡಿ. ಮುಗಿಸಬೇಕಾದ ಆರು ವರ್ಷಗಳ ಗಡುವಿನ ವಿರುದ್ಧ ಓಡುತ್ತಿರುತ್ತಾರೆ.

ಸರ್ಕಾರ ಮಾಡಬೇಕಾದ್ದು ಬೇಕಾದಷ್ಟಿದೆ, ಅದಕ್ಕೆ ಹೋರಾಟವೂ ನಡೆಯಲಿ. ವಿಭಾಗಗಳು ಯಾರ ಅಪ್ಪಣೆಗೂ ಕಾಯದೆ ಮಾಡಬಹುದಾದ್ದು ಒಂದಿದೆ. ಎಂ.ಎ. ಮೂರನೆಯ ಸೆಮಿಸ್ಟರಿನಲ್ಲಿ ಪ್ರತಿ ವಿದ್ಯಾರ್ಥಿಯಿಂದ ಎರಡು ಪುಟಗಳ ಪ್ರಸ್ತಾವನೆ ಬರೆಸಿ, ಬೇರೆ ವಿಷಯದ ಅಧ್ಯಾಪಕರೊಬ್ಬರಿಗೆ ಓದಲು ಕೊಡಬೇಕು. ಇತಿಹಾಸದವರದನ್ನು ಸಾಹಿತ್ಯದವರು ಓದಲಿ, ಸಾಹಿತ್ಯದವರದನ್ನು ಅರ್ಥಶಾಸ್ತ್ರದವರು ಓದಲಿ. ಅರ್ಥವಾಗದ ಕಡೆ ಗೆರೆ ಎಳೆಯಲಿ. ಮೊದಲ ಕರಡು ಕನ್ನಡದಲ್ಲೇ ಇರಲಿ, ಪ್ರಶ್ನೆ ಸ್ಪಷ್ಟವಾದ ಮೇಲೆ ಇಂಗ್ಲಿಷಿಗೆ ತರುವುದು ಅಷ್ಟು ಕಷ್ಟವಲ್ಲ. ನಮ್ಮ ಬೆಂಗಳೂರಿನಲ್ಲೇ ಇರುವ, 1995ರಿಂದ ಅನುದಾನ ಕೊಡುತ್ತಿರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕನ್ನಡದಲ್ಲಿ ಬರೆದ ಪ್ರಸ್ತಾವನೆಯನ್ನೂ ಸ್ವೀಕರಿಸುತ್ತದೆ. ಅದು ಪಿಎಚ್.ಡಿ. ಫೆಲೋಶಿಪ್ ಅಲ್ಲ, ಆದರೆ ಕಲೆಗಳ ಕುರಿತು ಸ್ವಂತ ಪ್ರಶ್ನೆ ಇಟ್ಟುಕೊಂಡವರು ಮೊದಲ ಅರ್ಜಿಯನ್ನು ಅಲ್ಲಿಗೆ ಬರೆದು ನೋಡಬಹುದು.

ಈ ವರ್ಷ ಡಿಸೆಂಬರ್ ಗಡುವಿಗೆ ಅರ್ಜಿ ಹಾಕುವವರು ಆಗಸ್ಟ್ ಒಳಗೆ ಒಂದು ಪುಟವನ್ನಾದರೂ ಬರೆದು ಕಳಿಸಿದರೆ ಓದಿ ಅಭಿಪ್ರಾಯ ಹೇಳಲು ನಾನು ಸಿದ್ಧನಿದ್ದೇನೆ. ಶೀರ್ಷಿಕೆಯಲ್ಲಿ 'ಸಮಗ್ರ' ಎಂದಿದ್ದರೆ ಅದನ್ನು ಹೊಡೆದುಹಾಕಿಯೇ ಕಳಿಸಿ.