ಮಡಿಕೇರಿಯ ಚಳಿಯಲ್ಲಿ ಪ್ರೊಸೆಸರ್‌ಗೆ ನೀರು ಬೇಕೇ?

‘ಹೊರಗೆ ಹಲ್ಲು ಕಟಕಟ ಎನ್ನುತ್ತಿರುವಾಗ ಕಂಪ್ಯೂಟರ್‌ಗೆ ನೀರಿನ ತಂಪು ಬೇರೆ ಬೇಕೇ? ಕಿಟಕಿ ತೆರೆದಿಡಿ, ಸಾಕು.’ ಕೊಡಗಿನಲ್ಲಿ ವಾಟರ್ ಕೂಲಿಂಗ್‌ನ, ಅಂದರೆ ಪ್ರೊಸೆಸರ್‌ನ ಶಾಖವನ್ನು ಟ್ಯೂಬಿನಲ್ಲಿ ಹರಿಯುವ ನೀರಿನಿಂದ ಸಾಗಿಸುವ ವ್ಯವಸ್ಥೆಯ, ಮಾತೆತ್ತಿದವರು ಈ ಕುಹಕವನ್ನು ಕೇಳಿಯೇ ಇರುತ್ತಾರೆ. ಅದರಲ್ಲಿ ಅರ್ಧ ಸತ್ಯವೂ ಇದೆ. ಯಾವ ಕೂಲರ್ ಆದರೂ ಶಾಖವನ್ನು ಕೊನೆಗೆ ಸುರಿಯುವುದು ಕೋಣೆಯ ಗಾಳಿಗೇ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇಕಡಾ ಹತ್ತರಷ್ಟು ತೆಳು, ಅಂದರೆ ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಸ್ವಲ್ಪ ಕಡಿಮೆ ಶಾಖ ಹೊರುತ್ತದೆ. ಆದರೆ ಅದೇ ಗಾಳಿ ತಣ್ಣಗೂ ಇರುವುದರಿಂದ ಆ ನಷ್ಟ ತುಂಬಿಬರುತ್ತದೆ.

ಹಾಗಿದ್ದರೂ ಚಳಿ ಎಲ್ಲವನ್ನೂ ಪರಿಹರಿಸುವುದಿಲ್ಲ. ಈಗಿನ ಪ್ರೊಸೆಸರ್‌ಗಳ ತೊಂದರೆ ಶಾಖದ ಮೊತ್ತಕ್ಕಿಂತ ಅದು ಹುಟ್ಟುವ ಜಾಗದ ಕಿರಿದುತನ. ಎಎಂಡಿ ಕಂಪನಿಯ ರೈಜನ್ 7000 ಸರಣಿಯ ಪ್ರೊಸೆಸರ್‌ಗಳಲ್ಲಿ ಎಂಟು ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ಕೂತಿರುವ ಸಿಲಿಕಾನ್ ತುಣುಕಿನ ವಿಸ್ತೀರ್ಣ ಸುಮಾರು 70 ಚದರ ಮಿಲಿಮೀಟರ್; ನಮ್ಮ ಕಿರುಬೆರಳಿನ ಉಗುರಿಗಿಂತ ದೊಡ್ಡದೇನಲ್ಲ. ಶಾಖ ಅಲ್ಲಿಂದ ಲೋಹದ ಮುಚ್ಚಳ, ಪೇಸ್ಟ್ ದಾಟಿ, ಒಳಗೆ ನೀರು ಹರಿಯುವ ತಾಮ್ರದ ಬ್ಲಾಕ್ ತಲುಪುವಷ್ಟರಲ್ಲೇ ಹೆಚ್ಚಿನ ಅಡಚಣೆ ಮುಗಿದಿರುತ್ತದೆ. ನೀರಿಗೆ ಸೇರಿದ ಮೇಲೆ ಕೆಲಸ ಸುಲಭ: ನಿಮಿಷಕ್ಕೆ ಒಂದು ಲೀಟರ್ ಹರಿದರೆ 200 ವಾಟ್ ಶಾಖಕ್ಕೆ ನೀರು ಬಿಸಿಯಾಗುವುದು ಮೂರು ಡಿಗ್ರಿಗೂ ಕಡಿಮೆ. ಆದ್ದರಿಂದ ಪ್ರೊಸೆಸರ್ ಒಂದಕ್ಕೇ ಮೂರು ರೇಡಿಯೇಟರ್ (ನೀರಿನ ಶಾಖವನ್ನು ಗಾಳಿಗೆ ಬಿಡುವ, ಫ್ಯಾನ್ ಕೂತ ಜಾಲರಿ) ಕಟ್ಟುವವರನ್ನು ಕಂಡರೆ ನನಗೆ ಅವರ ಜೇಬಿನ ಬಗ್ಗೆ ಮರುಕ. 360 ಮಿಲಿಮೀಟರಿನ ಒಂದು ರೇಡಿಯೇಟರ್ ಧಾರಾಳ. ಅದಕ್ಕಿಂತ ಹೆಚ್ಚು ಬೇಕಾಗುವುದು ಗ್ರಾಫಿಕ್ಸ್ ಕಾರ್ಡನ್ನೂ ಅದೇ ನೀರಿನ ಸುತ್ತಿಗೆ ಸೇರಿಸಿದಾಗ.

ಹಾಗಾದರೆ ಕಸ್ಟಮ್ ಲೂಪ್, ಅಂದರೆ ಬಿಡಿ ಭಾಗಗಳನ್ನು ತಂದು ನಾವೇ ಜೋಡಿಸುವ ನೀರಿನ ಸುತ್ತು, ಏಕೆ? ನನ್ನ ಮಟ್ಟಿಗೆ ಕಾರಣ ಒಂದೇ: ಬಿಚ್ಚಿ ಕಟ್ಟಬಹುದು. ಅಂಗಡಿಯಲ್ಲಿ ಸಿಗುವ ಸೀಲ್ ಮಾಡಿದ ಕೂಲರ್‌ನಲ್ಲಿ ಪಂಪ್ ಕೆಟ್ಟರೆ ಸಾಮಾನ್ಯವಾಗಿ ಇಡೀ ಸೆಟ್ಟನ್ನೇ ಬದಲಿಸಬೇಕು. ಬಿಡಿ ಭಾಗಗಳಿಗೆ ಮೈಸೂರೋ ಬೆಂಗಳೂರೋ ಎಂದು ನೋಡಬೇಕಾದ ನಮ್ಮಂಥವರಿಗೆ ಪಂಪ್, ಬ್ಲಾಕ್, ಟ್ಯೂಬ್ ಬೇರೆ ಬೇರೆಯಾಗಿ ಬದಲಾಯಿಸಬಹುದಾದ ವ್ಯವಸ್ಥೆ ದೊಡ್ಡ ಅನುಕೂಲ. ಆದರೆ ಕಾಯಿಸಿ ಬಗ್ಗಿಸಿದ ಗಟ್ಟಿ ಟ್ಯೂಬ್, ಒಳಗೆ ಹಾಲಿನಂಥ ಬಣ್ಣದ ದ್ರವ, ಸುತ್ತ ದೀಪಾಲಂಕಾರ ಎಂದು ಹೊರಟರೆ ಈ ಅನುಕೂಲವನ್ನು ಕೈಯಾರೆ ಕಳೆದುಕೊಂಡಂತೆ. ಬಣ್ಣದ ಕಣಗಳು ಬ್ಲಾಕಿನ ಕೂದಲೆಳೆಯಂಥ ಸಂದುಗಳಲ್ಲಿ ಕೂತುಬಿಡುತ್ತವೆ. ಪಾರದರ್ಶಕ ಮೆದು ಪಿವಿಸಿ ಟ್ಯೂಬ್ ಕಾಲಕ್ರಮೇಣ ಮಸುಕಾಗುತ್ತದೆ. ಕಪ್ಪು ಇಪಿಡಿಎಂ ರಬ್ಬರ್ ಟ್ಯೂಬ್ ನೋಡಲು ಚೆಂದವಿಲ್ಲ, ಒಪ್ಪುತ್ತೇನೆ. ನಾನು ಮಾತ್ರ ಅದನ್ನೇ ಹಾಕುತ್ತೇನೆ. (ದೀಪಗಳ ಮೇಲೆ ನನ್ನ ಸಿಟ್ಟಿಗೆ ಬೇರೆ ಕಾರಣವೂ ಇದೆ: ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಹುಳುಗಳ ದಂಡು ನೇರ ಕೇಸಿನ ಮೇಲೇ ಬರುತ್ತದೆ.)

ಇನ್ನು ನೀರು. ‘ನಮ್ಮ ತೋಟದ ಒರತೆಯ ನೀರಿಗಿಂತ ಶುದ್ಧ ಯಾವುದಿದೆ?’ ಎಂಬ ಅಭಿಮಾನವನ್ನು ದಯವಿಟ್ಟು ಕುಡಿಯುವುದಕ್ಕೆ ಮೀಸಲಿಡಿ. ಲೂಪಿಗೆ ಡಿಸ್ಟಿಲ್ಡ್ ವಾಟರ್ ಬೇಕು, ಜೊತೆಗೆ ತುಕ್ಕು ಮತ್ತು ಪಾಚಿ ತಡೆಯುವ ದ್ರಾವಣ. ಇನ್ವರ್ಟರ್ ಬ್ಯಾಟರಿಗೆಂದು ಮನೆಯಲ್ಲಿರುವ ಕ್ಯಾನ್ ನೆನಪಾದರೆ ಮೊದಲು ಅದರ ಮೇಲಿನ ಬರಹ ಓದಿ. ಅಲ್ಲಿರುವುದು ಆಸಿಡ್ ಆಗಿರಲೂಬಹುದು. ಅಗ್ಗವೆಂದು ಅಲ್ಯೂಮಿನಿಯಂ ರೇಡಿಯೇಟರ್ ತಂದು ತಾಮ್ರದ ಬ್ಲಾಕಿಗೆ ಜೋಡಿಸಲೂಬಾರದು. ಒಂದೇ ನೀರಿನಲ್ಲಿ ಈ ಎರಡು ಲೋಹಗಳಿದ್ದರೆ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ.

ಜುಲೈನಲ್ಲಿ ಒಗೆದ ಬಟ್ಟೆಯೇ ಒಣಗದ ಊರಿನಲ್ಲಿ ಟ್ಯೂಬಿನ ಮೇಲೆ ನೀರು ಬೆವರುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಇಲ್ಲ. ಪಂಪ್ ಮತ್ತು ಫ್ಯಾನ್ ಮಾತ್ರ ಇರುವ ಲೂಪಿನ ನೀರು ಕೋಣೆಯ ಗಾಳಿಗಿಂತ ಎಂದೂ ತಣ್ಣಗಾಗಲಾರದು, ಬೆವರುವುದಕ್ಕೆ ಅದಕ್ಕಿಂತ ತಣ್ಣಗಿರಬೇಕು. ಆ ಭಯ ಫ್ರಿಜ್‌ನಂತೆ ನೀರನ್ನು ತಣಿಸುವ ಚಿಲ್ಲರ್ ಕಟ್ಟುವವರಿಗಿರಲಿ. ಸೋರಿಕೆಯ ಭಯ ಬೇರೆ ಮಾತು. ಮದರ್‌ಬೋರ್ಡಿಗೆ ವಿದ್ಯುತ್ ಕೊಡದೆ ಪಂಪನ್ನು ಮಾತ್ರ ಒಂದು ಹಗಲು ರಾತ್ರಿ ಓಡಿಸಿ, ಪ್ರತಿ ಫಿಟ್ಟಿಂಗಿನ ಕೆಳಗೆ ಟಿಶ್ಯೂ ಪೇಪರ್ ಇಟ್ಟು ನೋಡಿ. ಈ ಕೆಲಸ ಮುಂಗಾರಿಗೆ ಮೊದಲೇ ಮುಗಿಯಲಿ; ಮರ ಬಿದ್ದು ತಂತಿ ಕಡಿದ ಮೇಲೆ ಪರೀಕ್ಷೆಗೆ ಕರೆಂಟ್ ಎಲ್ಲಿಂದ ಬರಬೇಕು?

‘ನನ್ನ ಕಂಪ್ಯೂಟರಿಗೂ ನೀರು ಬೇಕೇ?’ ಎಂದು ಗೋಣಿಕೊಪ್ಪಲಿನಿಂದ ಕೇಳಿದ ತಮ್ಮನಿಗೆ: ನಿನ್ನ ಬಳಿ ಇರುವುದು 65 ವಾಟಿನ ರೈಜನ್ 7 7700. ಅದಕ್ಕೆ ನೀರು ಬೇಡ. ಎರಡು ಫ್ಯಾನಿನ ಒಳ್ಳೆಯ ಗಾಳಿ ಕೂಲರ್ ಹಾಕಿಸು, ಉಳಿದ ಹಣಕ್ಕೆ ಯುಪಿಎಸ್ ಕೊಳ್ಳು. ಮುಂದೆಂದಾದರೂ 253 ವಾಟ್ ಎಳೆಯುವ ಇಂಟೆಲ್ ಐ9 ತಂದು ರಾತ್ರಿಯಿಡೀ ವಿಡಿಯೊ ರೆಂಡರ್ ಮಾಡುವ ದಿನ ಬಂದರೆ ಫೋನ್ ಮಾಡು, ಲೂಪಿಗೆ ಬೇಕಾದ ಭಾಗಗಳ ಪಟ್ಟಿ ಕೂತು ಬರೆಯೋಣ.