ಹೇಸರಗತ್ತೆ ನಿಂತಲ್ಲಿ

ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ನಲ್ಲಿ ಪ್ರತಿಮೆಯ ಕುದುರೆಯನ್ನು ಎಷ್ಟೋ ಸಲ ನೋಡಿದ್ದೇನೆ. ಅದರ ಜೀನು ಕಟ್ಟುವ ಹೊಟ್ಟೆಪಟ್ಟಿ ಬಿಗಿಯಾಗಿದೆಯಾ ಅಂತ ನೋಡಲು ಶುರು ಮಾಡಿದ್ದು ಮಾತ್ರ ಹೋದ ವರ್ಷದಿಂದ.

ಕುದುರೆ ಸವಾರಿಯ ಹುಚ್ಚು ಹತ್ತಿಸಿದವನು ನನ್ನ ಗೆಳೆಯ, ಸಾಲಿ ಮಾಸ್ತರ. ಶಿಫೆಲಿ ಅಂತ ಒಬ್ಬ ಸ್ವಿಸ್ ಮೇಷ್ಟ್ರು 1925ರಲ್ಲಿ ಬ್ಯೂನಸ್ ಐರಿಸ್‌ನಿಂದ ಎರಡು ಕುದುರೆ ಹಿಡಿದು ಹೊರಟು, 1928ರಲ್ಲಿ ನ್ಯೂಯಾರ್ಕ್ ತಲುಪಿದ ಕಥೆ ಅವನಿಗೆ ಸಿಕ್ಕಿತ್ತು. ಮಾಂಚಾ, ಗಾಟೊ ಅಂತ ಆ ಕುದುರೆಗಳ ಹೆಸರು. ಹೊರಡುವಾಗಲೇ ಅವಕ್ಕೆ 15-16 ವರ್ಷ.

"ಅಂವಾನೂ ಮಾಸ್ತರ, ನಾನೂ ಮಾಸ್ತರ. ಅಂವಾ ನ್ಯೂಯಾರ್ಕ್ ಮುಟ್ಟಿದ, ನಾವು ಗದಗ ಮುಟ್ಟೂದಿಲ್ಲೇನು?"

ಸುಮಾರು 60 ಕಿಲೋಮೀಟರ್, ಎರಡು ದಿನ. ಲೆಕ್ಕ ಸುಲಭ ಇತ್ತು.

ಹಿಂದೆ ಟಾಂಗಾ ಓಡಿಸುತ್ತಿದ್ದ ಒಬ್ಬ ಚಾಚಾ ಹತ್ತಿರ ಕುದುರೆ ಇತ್ತು. ಈಗ ಅದರ ಕೆಲಸ ಮದುವೆ ಮೆರವಣಿಗೆ. ಹಲ್ಲು ನೋಡಿ ವಯಸ್ಸು ಹೇಳ್ತೀನಿ ಅಂತ ಮಾಸ್ತರ ಅದರ ಬಾಯಿಗೆ ಕೈ ಹಾಕಿದ. ಅದು ಅವನ ವಾಚಿಗೆ ಬಾಯಿ ಹಾಕಿತು. "ಹಲ್ಲಿನ ಮ್ಯಾಲೆ ಕುಂತು ಹೋಗೂದಿಲ್ರೀ ಸಾಹೇಬ್ರ. ಗೊರಸು ಎತ್ತಿ ನೋಡ್ರಿ, ಬೆನ್ನು ನೋಡ್ರಿ" ಅಂದರು ಚಾಚಾ. ಹಿಂದೆ ಜೀನು ಉಜ್ಜಿ ಗಾಯವಾದ ಕಡೆ ಬಿಳಿ ಕೂದಲು ಬರುತ್ತದೆ. ನಮ್ಮದು ಬಿಳಿ ಕುದುರೆ. ಹುಡುಕಿ ಹುಡುಕಿ ಸಾಕಾಯಿತು.

ಸಾಮಾನು ಹೊರಲು ಇಟ್ಟಂಗಿ ಭಟ್ಟಿಯಿಂದ ಒಂದು ಹೇಸರಗತ್ತೆ ಸಿಕ್ಕಿತು. ತಂದೆ ಕತ್ತೆ, ತಾಯಿ ಕುದುರೆ, ಮುಂದೆ ಸಂತಾನ ಇಲ್ಲ. "ಮಕ್ಕಳ ಚಿಂತಿ ಇಲ್ಲ, ಅದಕ್ಕ ಎಷ್ಟು ಸಮಾಧಾನ ನೋಡು" ಅಂದ ಮಾಸ್ತರ. ಅವನಿಗೆ ಮೂವರು.

ಹೇರು ಎರಡೂ ಕಡೆ ಸಮ ತೂಗಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಒಂದು ಕಡೆ ಹುರುಳಿ ಚೀಲ, ಇನ್ನೊಂದು ಕಡೆ ರೊಟ್ಟಿ, ಶೇಂಗಾ ಚಟ್ನಿ. ರೊಟ್ಟಿ ಕಡೆ ಹಗುರಾಯಿತು ಅಂತ ಎರಡು ಇಟ್ಟಂಗಿ ಸೇರಿಸಿದೆವು. ಭಟ್ಟಿಯಿಂದ ಬಿಡುಗಡೆ ಸಿಕ್ಕಿತು ಅಂದುಕೊಂಡಿದ್ದ ಆ ಪ್ರಾಣಿ ನಮ್ಮನ್ನು ನೋಡಿದ ನೋಟ ಇನ್ನೂ ನೆನಪಿದೆ.

ಪಟ್ಟಿ ಬಿಗಿಯುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ, ನಾಲ್ಕು ಹೆಜ್ಜೆ ನಡೆಸಿ ಮತ್ತೊಮ್ಮೆ ಬಿಗಿಯಿರಿ ಅಂತ ಚಾಚಾ ಹೇಳಿದ್ದರು. ನಾವು ಹೂಂ ಅಂದಿದ್ದೆವು. ಊರು ದಾಟುತ್ತಿದ್ದ ಹಾಗೆ ಸ್ಪೀಕರ್ ಹಚ್ಚಿಕೊಂಡ ಟ್ರ್ಯಾಕ್ಟರ್ ಒಂದು ಬಂತು. ಹಾಡು ಕೇಳಿದ್ದೇ ತಡ, ನಮ್ಮ ಕುದುರೆಗೆ ಮದುವೆ ನೆನಪಾಯಿತು. ಕುಣಿಯಲು ಶುರು ಮಾಡಿತು. ಜೀನು ಜಾರಿತು. ನಾನು ಜೀನು ಬಿಡಲಿಲ್ಲ, ಹಾಗಾಗಿ ಇಬ್ಬರೂ ಕುದುರೆಯ ಹೊಟ್ಟೆಯ ಕೆಳಗೆ ಬಂದೆವು. ಚಹಾದಂಗಡಿ ಮುಂದೆ ಕುಳಿತಿದ್ದ ಅಜ್ಜ ಒಬ್ಬರು ಬಗ್ಗಿ ನೋಡಿ, "ತಮ್ಮಾ, ಮ್ಯಾಲೆ ಜಾಗಾ ಇತ್ತಲ್ಲ?" ಅಂದರು.

ಅಣ್ಣಿಗೇರಿ ಇನ್ನೂ ದೂರ ಇರುವಾಗ, ಡಾಂಬರು ಬೇಡ, ಹೊಲದ ದಾರಿ ಹಿಡಿಯೋಣ ಅಂದ ಮಾಸ್ತರ. ಹಿಂದಿನ ರಾತ್ರಿ ಮಳೆಯಾಗಿತ್ತು. ನಮ್ಮ ಕಡೆಯ ಎರೆ ಮಣ್ಣು ಗೊತ್ತಲ್ಲ, ಹಸಿಯಾದರೆ ಚಪ್ಪಲಿ ವಾಪಸ್ ಕೊಡುವುದಿಲ್ಲ. ಹೇಸರಗತ್ತೆ ಒಂದು ಸಲ ಮೂಸಿ ನೋಡಿ ನಿಂತುಬಿಟ್ಟಿತು. ಎಳೆದೆವು, ನೂಕಿದೆವು, ಬೆಲ್ಲ ತೋರಿಸಿದೆವು. ಬೆಲ್ಲ ತಿಂದು ಅಲ್ಲೇ ನಿಂತಿತು. "ಮೊಂಡು ಜಾತಿ!" ಅಂತ ಬೈದು ಮಾಸ್ತರ ಕುದುರೆಯನ್ನು ಮುಂದೆ ನುಗ್ಗಿಸಿದ. ಅದು ಪಾಪ, ಹೇಳಿದ ಮಾತು ಕೇಳುವ ಪ್ರಾಣಿ. ಮೊಣಕಾಲುದ್ದ ಹೂತು, ಹೇಗೋ ಈಚೆ ಬಂತು. ಮುಂಗಾಲಿನ ಲಾಳ ಒಳಗೇ ಉಳಿಯಿತು. ಅರ್ಧ ಗಂಟೆ ಕೆಸರಲ್ಲಿ ಕೈಯಾಡಿಸಿದಾಗ ಸಿಕ್ಕಿದ್ದು ಯಾರದೋ ಎಡಗಾಲಿನ ಚಪ್ಪಲಿ.

ಒಂದು ಲಾಳ ಇಲ್ಲದ ಕುದುರೆ ಮೇಲೆ ಕೂರುವ ಹಾಗಿಲ್ಲ. ಡಾಂಬರಿಗೇ ವಾಪಸ್ ಬಂದು, ಲಗಾಮು ಹಿಡಿದು ನಡೆದೆವು. ಹೇಸರಗತ್ತೆ ಮುಂದೆ, ನಾವು ಹಿಂದೆ. ಅದು ತಿರುಗಿದ ಕಡೆ ತಿರುಗಿದೆವು. ಯಾರೂ ಚರ್ಚೆ ಮಾಡಲಿಲ್ಲ.

ಅಣ್ಣಿಗೇರಿಯಲ್ಲಿ ಲಾಳ ಕಟ್ಟುವವರು ಸಿಕ್ಕರು, ಆದರೆ ಎತ್ತಿಗೆ ಕಟ್ಟುವವರು. ಎತ್ತಿನ ಗೊರಸು ಸೀಳಿರುತ್ತದೆ, ಒಂದು ಕಾಲಿಗೆ ಎರಡು ತುಂಡು ಲಾಳ. ಅವರು ಕುದುರೆಯ ಕಾಲೆತ್ತಿ ನೋಡಿ, "ಇದಕ್ಕ ನಡುವ ಗೆರಿನ ಇಲ್ಲಲ್ರೀ" ಅಂತ ಕೆಳಗಿಟ್ಟರು.

ಚಾಚಾಗೆ ಫೋನ್ ಮಾಡಿದೆವು. ಟೆಂಪೋ ಬಂತು. ಕುದುರೆ, ಹೇಸರಗತ್ತೆ ಅದರಲ್ಲಿ ಹತ್ತಿ ಹೊರಟವು. ನಾವು ಹುಬ್ಬಳ್ಳಿ ಬಸ್ ಹತ್ತಿದೆವು. ಕುದುರೆ ಮೇಲೆ ಕೂತಿದ್ದು ಸ್ವಲ್ಪ ಹೊತ್ತಾದರೂ ತೊಡೆ, ಕುಂಡೆ ಎರಡೂ ಕೆಂಡವಾಗಿದ್ದವು. ಬಸ್ ಅರ್ಧ ಖಾಲಿ ಇತ್ತು.

"ಸೀಟ್ ಅದಾವಲ್ರೀ, ಕುಂದರ್ರಿ" ಅಂದ ಕಂಡಕ್ಟರ್.

"ಇರಲಿ ಬಿಡ್ರಿ" ಅಂದ ಮಾಸ್ತರ, ಕಂಬಿ ಹಿಡಿದು. "ಇಲ್ಲೇ ಹುಬ್ಬಳ್ಳಿಗೆ."