ಪಕ್ಷದ ಏಜೆಂಟರ ಸೇವೆಯೂ ಸಂಭಾವನೆಯೂ

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಚುನಾವಣೆಗೆ ನಿಲ್ಲುತ್ತಿದ್ದ ಮಹನೀಯರು ಎಂಥ ಪುಣ್ಯಾತ್ಮರೆಂದರೆ, ತಮ್ಮ ಹಣ ಎಲ್ಲಿಗೆ ಹೋಯಿತೆಂದು ವಿಚಾರಿಸುವ ಕೀಳು ಅಭ್ಯಾಸವೇ ಅವರಿಗಿರಲಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ದಾನಧರ್ಮದ ನಿಯಮವನ್ನು ಅವರಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರು ವಿರಳ. ಹಣವನ್ನು ಚುನಾವಣೆಯ ಓಡಾಟವನ್ನೆಲ್ಲ ನೋಡಿಕೊಳ್ಳುವ ಪಕ್ಷದ ಏಜೆಂಟನ ಕೈಗಿಟ್ಟು, ಗೆದ್ದ ಸುದ್ದಿ ಬರುವವರೆಗೆ ಮುಗ್ಧರಾಗಿ ಉಳಿಯುವುದಷ್ಟೇ ಅವರ ಕೆಲಸ. ಸೇಂಟ್ ಆಲ್ಬನ್ಸ್ ಪಟ್ಟಣದಲ್ಲಿ ಈ ಮುಗ್ಧತೆ ಅತಿಯಾಗಿ, 1852ರಲ್ಲಿ ಆ ಊರು ಪಾರ್ಲಿಮೆಂಟಿನ ಪ್ರಾತಿನಿಧ್ಯವನ್ನೇ ಕಳೆದುಕೊಂಡಿತು. ಮುಗ್ಧತೆಗೆ ಅದರಿಂದ ಧಕ್ಕೆಯೇನೂ ಆಗಲಿಲ್ಲ; ಅದು ಪಕ್ಕದ ಕ್ಷೇತ್ರಗಳಲ್ಲಿ ಸುಖವಾಗಿಯೇ ಮುಂದುವರಿಯಿತು.

ಲಂಚ ಹಂಚುವುದೇ ಏಜೆಂಟನ ಮುಖ್ಯ ಕಸುಬು ಎಂದು ತಿಳಿದರೆ ಅವನ ವಿದ್ವತ್ತಿಗೆ ಅಪಚಾರ ಮಾಡಿದಂತೆ. 1832ರ ಸುಧಾರಣಾ ಕಾಯ್ದೆ ಮತದಾರರ ಪಟ್ಟಿಯನ್ನು ಪ್ರತಿ ವರ್ಷ ಪರಿಷ್ಕರಿಸಬೇಕೆಂದು ವಿಧಿಸಿದ ಮೇಲೆ, ಮತ ಕೇಳುವುದಕ್ಕಿಂತ ಎದುರಾಳಿಯ ಮತದಾರನನ್ನು ಪಟ್ಟಿಯಿಂದಲೇ ಹೊರಗಟ್ಟುವುದು ಲಾಭದಾಯಕವೆಂಬ ಸತ್ಯವನ್ನು ಮೊದಲು ಕಂಡುಕೊಂಡವನು ಅವನು. ಅವನ ಕಡತದಲ್ಲಿ ಸಾಮ್ರಾಜ್ಯದ ಭವಿಷ್ಯದ ಬಗ್ಗೆ ಒಂದು ಸಾಲೂ ಇರುತ್ತಿರಲಿಲ್ಲ. ಯಾರು ಮನೆ ಬದಲಿಸಿದರು, ಯಾರು ತೆರಿಗೆ ಬಾಕಿ ಉಳಿಸಿಕೊಂಡರು, ಯಾರ ಹೆಂಡತಿ ಕಾಯಿಲೆ ಬಿದ್ದಾಗ ಪ್ಯಾರಿಷ್‌ನ, ಅಂದರೆ ಚರ್ಚಿನ ವ್ಯಾಪ್ತಿಯ ಊರಿನ, ವೈದ್ಯನಿಂದ ಧರ್ಮಾರ್ಥ ಔಷಧಿ ತರಿಸಲಾಯಿತು ಎಂಬ ವಿವರಗಳಿರುತ್ತಿದ್ದವು. ಏಕೆಂದರೆ ಬಡವರಿಗೆಂದು ಕೊಡುವ ನೆರವು ಪಡೆದವನಿಗೆ ಆ ವರ್ಷ ಮತವಿಲ್ಲ, ಮತ್ತು 1885ರವರೆಗೆ ಔಷಧಿಯೂ ಆ ನೆರವಿನ ಲೆಕ್ಕದಲ್ಲೇ ಸೇರುತ್ತಿತ್ತು. ಪ್ರತಿಪಕ್ಷದ ಮನೆಯ ಕೆಮ್ಮಿನ ಬಗ್ಗೆ ಇಷ್ಟು ಕಾಳಜಿ ವಹಿಸಿದ ರಾಜಕೀಯ ವ್ಯವಸ್ಥೆ ಇನ್ನೊಂದಿರಲಾರದು.

ಪ್ರತಿ ಶರತ್ಕಾಲದಲ್ಲಿ ಪಟ್ಟಿ ಪರಿಷ್ಕರಿಸುವ ಬ್ಯಾರಿಸ್ಟರ್ ಊರಿಗೆ ಬಂದು ಕೂರುತ್ತಿದ್ದರು. ಎರಡೂ ಪಕ್ಷಗಳ ಏಜೆಂಟರು ತಕರಾರಿನ ಕಟ್ಟುಗಳನ್ನು ಹೊತ್ತು ಎದುರುಬದುರು ನಿಲ್ಲುತ್ತಿದ್ದರು. ತಕರಾರಿಗೆ ಗುರಿಯಾದ ನೇಕಾರನೋ ಕಮ್ಮಾರನೋ ಒಂದು ದಿನದ ಕೂಲಿ ಬಿಟ್ಟು ಹಾಜರಾಗಿ ತನ್ನ ಅರ್ಹತೆಯನ್ನು ಸಾಬೀತುಪಡಿಸಬೇಕು. ಬಾರದಿದ್ದರೆ ಹೆಸರು ಹೋಯಿತು. 1867ರ ಕಾಯ್ದೆ ಪಟ್ಟಣಗಳ ಬಾಡಿಗೆ ಕೋಣೆಯವರಿಗೂ ಮತ ಕೊಟ್ಟಿತು, ಆದರೆ ಕೋಣೆಯ ಬೆಲೆ ಮೇಜು ಕುರ್ಚಿಗಳನ್ನು ಬಿಟ್ಟು ವರ್ಷಕ್ಕೆ 10 ಪೌಂಡ್ ಆಗಬೇಕು, ಅರ್ಜಿಯನ್ನು ಪ್ರತಿ ವರ್ಷ ಹೊಸದಾಗಿ ಹಾಕಬೇಕು. ಹೀಗಾಗಿ ಪ್ರಜಾಪ್ರಭುತ್ವದ ಮಹಾಪ್ರಶ್ನೆಗಳು ಮಂಚ ಯಾರದು, ಮೇಜಿನ ಬಾಡಿಗೆ ಎಷ್ಟು ಕಳೆಯಬೇಕು ಎಂಬಲ್ಲಿಗೆ ಬಂದು ನಿಂತವು. ಇಷ್ಟನ್ನೂ ಬಲ್ಲವನು ಏಜೆಂಟ್ ಮಾತ್ರ. ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡಲು ಬೇರೆ ಜನರಿದ್ದರು.

ಈ ವಿದ್ಯೆಯನ್ನು ಒಂದು ಕಚೇರಿಯಾಗಿ ಕಟ್ಟಿದವರಲ್ಲಿ ಜಾನ್ ಎಲ್ಡನ್ ಗಾರ್ಸ್ಟ್ ಪ್ರಮುಖರು. 1868ರಲ್ಲಿ ಸೋತು ಕುಳಿತಿದ್ದ ಕನ್ಸರ್ವೇಟಿವ್ ಪಕ್ಷದ ಸಂಘಟನೆಯನ್ನು ಅದರ ನಾಯಕ ಡಿಸ್ರೇಲಿ 1870ರಲ್ಲಿ ಇವರಿಗೆ ಒಪ್ಪಿಸಿದರು. ಇವರು ಕೇಂದ್ರ ಕಚೇರಿ ಸ್ಥಾಪಿಸಿ, ಊರೂರಿನ ಸಂಘಗಳನ್ನು ಎಬ್ಬಿಸಿ ಕೂರಿಸಿ, ಪಕ್ಷವನ್ನು 1874ರಲ್ಲಿ ಅಧಿಕಾರಕ್ಕೆ ತಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಗೆಲುವು ನಾಯಕರ ವಾಗ್ಮಿತೆಯ ಫಲವೆಂದು ನಾಯಕರೇ ನಿರ್ಧರಿಸಿದರು. ಸಂಘಟನೆ ಮತ್ತೆ ಹಳೆಯ ಕುಳಗಳ ಕೈ ಸೇರಿ ಹದಗೆಡುತ್ತಿದೆ ಎಂದು ಗಾರ್ಸ್ಟ್ ಡಿಸ್ರೇಲಿಗೆ ಪತ್ರ ಬರೆದು ದೂರಿದರು, 1877ರಲ್ಲಿ ಹುದ್ದೆ ಬಿಟ್ಟರು. 1880ರಲ್ಲಿ ಪಕ್ಷ ಮಣ್ಣುಮುಕ್ಕಿದ ಬಳಿಕ ಅವರ ಯೋಗ್ಯತೆ ಪುನಃ ಎದ್ದು ಕಾಣಿಸಿ, ಮತ್ತೆ ಕರೆಸಿಕೊಂಡರು. 1882ರಲ್ಲಿ ಅವರು ಮತ್ತೆ ಹೊರನಡೆದರು.

ಮರುವರ್ಷ ಭ್ರಷ್ಟಾಚಾರ ತಡೆ ಕಾಯ್ದೆ ಬಂದು, ಚುನಾವಣಾ ವೆಚ್ಚಕ್ಕೆ ಮಿತಿ ಹಾಕಿ, ಪ್ರತಿಯೊಂದು ಪಾವತಿಯೂ ಒಬ್ಬ ಏಜೆಂಟನ ಮೂಲಕವೇ ಆಗಬೇಕೆಂದಿತು. ಅಲ್ಲಿಯವರೆಗೆ ಓಲೆಯೇ ಇಲ್ಲದ ಓಲೆಕಾರರು ಮತ್ತು ಬಾವುಟ ಹಿಡಿದು ನಿಲ್ಲುವವರು ಪಕ್ಷದ ಸಂಬಳ ಎಣಿಸುತ್ತಿದ್ದರು, ಹೆಂಡದಂಗಡಿಯ ಹಿಂಕೋಣೆ ಸಮಿತಿಯ ಕಚೇರಿಯಾಗಿತ್ತು. ಅವೆಲ್ಲ ನಿಂತವು, ಲಂಚ ನಿಜಕ್ಕೂ ಇಳಿಯಿತು, ಇದನ್ನು ಒಪ್ಪಲೇಬೇಕು. ಆದರೆ ಲೆಕ್ಕ ಕೊಡಬೇಕಾದದ್ದು ಚುನಾವಣೆಗೆ ಮಾತ್ರ. ಉಳಿದ ವರ್ಷಗಳಲ್ಲಿ ಕ್ರಿಕೆಟ್ ಕ್ಲಬ್ಬಿಗೂ ಚರ್ಚಿನ ಮಾಡಿಗೂ ಅಭ್ಯರ್ಥಿಯ ಹೃದಯ ತಾನಾಗಿ ಕರಗುವುದನ್ನು ತಡೆಯಲು ಯಾವ ಕಾಯ್ದೆಗೆ ಸಾಧ್ಯ? ದಾನದ ಋತುವನ್ನು ನೆನಪಿಸುವ ಹೊಣೆಯೂ ಏಜೆಂಟನದಾಯಿತು.

ಗಾರ್ಸ್ಟ್ ಅವರ ಸೇವೆಗೆ ಸಂಭಾವನೆ ಸಿಗಲೇ ಇಲ್ಲವೆಂದು ಹೇಳಲಾಗದು. 1886ರಲ್ಲಿ ಅವರು ಇಂಡಿಯಾ ಖಾತೆಯ ಉಪಕಾರ್ಯದರ್ಶಿಯಾದರು. ಅಂದರೆ, ಒಬ್ಬೊಬ್ಬ ಮತದಾರನನ್ನೂ ಎಣಿಸುವುದರಲ್ಲಿ ಪಳಗಿದವರಿಗೆ, ಲಂಡನ್ನಿನ ಪಾರ್ಲಿಮೆಂಟಿಗೆ ಒಬ್ಬನನ್ನೂ ಆರಿಸಲಾಗದ ಕೋಟ್ಯಂತರ ಜನರ ಉಸ್ತುವಾರಿಯಲ್ಲಿ ಪಾಲು ಸಿಕ್ಕಿತು. 1891ರಲ್ಲಿ ಮಣಿಪುರದ ಸೇನಾಪತಿ ಟಿಕೇಂದ್ರಜಿತ್ ಅವರನ್ನು ತೆಗೆದುಹಾಕಲು ಹೊರಟ ಸರ್ಕಾರವನ್ನು ಕಾಮನ್ಸ್ ಸಭೆಯಲ್ಲಿ ಸಮರ್ಥಿಸುವ ಕೆಲಸ ಅವರ ಪಾಲಿಗೆ ಬಂತು. ಅವರು ಸಮರ್ಥಿಸಿದರು: ಸ್ವತಂತ್ರ ಪ್ರತಿಭೆಯನ್ನು ದ್ವೇಷಿಸುವುದೂ ವಿಧೇಯ ಸಾಧಾರಣತನಕ್ಕೆ ಬಡ್ತಿ ಕೊಡುವುದೂ ಎಲ್ಲ ಸರ್ಕಾರಗಳ ಪುರಾತನ ನೀತಿಯೇ ಆಗಿರುವಾಗ ಇದರಲ್ಲಿ ಹೊಸದೇನಿದೆ ಎಂಬರ್ಥದಲ್ಲಿ! ಎದುರು ಸಾಲಿನವರು ಆನಂದಪಟ್ಟರು. ಸ್ವಂತ ಸಾಲಿನವರಿಗೆ ಮಣಿಪುರದ ಜೊತೆಗೆ ಬೇರೇನೋ ಕೇಳಿಸಿರಬೇಕು. ಸೇನಾಪತಿಯವರನ್ನು ಅದೇ ಆಗಸ್ಟ್‌ನಲ್ಲಿ ಗಲ್ಲಿಗೇರಿಸಿದರು.

ಮುಕ್ತ ವ್ಯಾಪಾರದ ಪ್ರಶ್ನೆಯಲ್ಲಿ ಪಕ್ಷದೊಡನೆ ಮುರಿದುಕೊಂಡ ಗಾರ್ಸ್ಟ್, 1910ರಲ್ಲಿ ತಾವು ಹುಟ್ಟಿದ ಪ್ರೆಸ್ಟನ್‌ನಲ್ಲಿ ಲಿಬರಲ್ ಅಭ್ಯರ್ಥಿಯಾಗಿ ನಿಂತರು. ಊರೂರಿಗೆ ಸಂಘ ಕಟ್ಟುವುದನ್ನು ಅವರಿಂದಲೇ ಕಲಿತಿದ್ದ ಪಕ್ಷ ಅವರನ್ನು ಅಚ್ಚುಕಟ್ಟಾಗಿ ಸೋಲಿಸಿತು. ಅವರು ಡಿಸ್ರೇಲಿಗೆ ಬರೆದ ದೂರಿನ ಪತ್ರಗಳು ಇಂದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಸುರಕ್ಷಿತವಾಗಿವೆ, ಡಿಸ್ರೇಲಿಯವರ ಕಾಗದಪತ್ರಗಳೆಂಬ ಹೆಸರಿನಲ್ಲಿ.